ಫ್ಲಾಶ್ ಕಾರ್ಡಾ, ಸದ್ದು ಬಿಡಿಸಿ ಹೇಳಿಕೊಡೋದಾ?

ಇಂಗ್ಲಿಷಿನ ‘ಸೆಡ್’ ಪದವನ್ನು ಮಗು ನೋಡಿದ ಕೂಡಲೇ ಓದಬೇಕು ಅಂತಿಟ್ಟುಕೊಳ್ಳಿ. ಎಸ್, ಎ, ಐ, ಡಿ. ದಾರಿ ಎರಡು.

ಫ್ಲಾಶ್ ಕಾರ್ಡ್ ಸುಲಭ. ತೋರಿಸಿ, ಹೇಳಿಸಿ, ಮುಂದಿನದಕ್ಕೆ ಹೋಗಿ. ತಯಾರಿ ಏನೂ ಬೇಡ. ಆದರೆ ಮಗು ಪದವನ್ನು ಚಿತ್ರದ ಹಾಗೆ ನೆನಪಿಟ್ಟುಕೊಂಡರೆ, ನೋಡೋಕೆ ಹಾಗೇ ಇರುವ ಇನ್ನೊಂದು ಪದ ಬಂದಾಗ ಅದನ್ನೂ ‘ಸೆಡ್’ ಅಂತಲೇ ಓದಿಬಿಡಬಹುದು. ಮಕ್ಕಳು ಹೀಗೆ ನೋಡಿದ ಕೂಡಲೇ ಓದಬೇಕಾದ ಇಂಗ್ಲಿಷ್ ಪದಗಳು ಅಂತ 1936ರಲ್ಲಿ ಅಮೆರಿಕದ ಎಡ್ವರ್ಡ್ ಡಾಲ್ಚ್ ಮಾಡಿದ ಪಟ್ಟಿಯಲ್ಲೇ 220 ಪದಗಳಿವೆ. ಅಷ್ಟನ್ನೂ ಸುಮ್ನೆ ಆಕಾರ ನೋಡಿ ಬಾಯಿಪಾಠ ಮಾಡೋದು ದೊಡ್ಡವರಿಗೂ ಕಷ್ಟ, ಅಲ್ವಾ?

ಸದ್ದು ಬಿಡಿಸುವ ದಾರಿ ನಿಧಾನ, ತಾಳ್ಮೆ ಜಾಸ್ತಿ ಬೇಕು. ಮೊದಲು ಬಾಯಲ್ಲೇ ಪದ ಹೇಳಿ ಸದ್ದು ಎಣಿಸಿ: ಮೂರು. ಸದ್ದಿಗೊಂದರಂತೆ ಮೂರು ಚೌಕ ಗೀಚಿ, ಆಯಾ ಚೌಕದಲ್ಲಿ ಅಕ್ಷರ ಬರೆಯಿರಿ. ಮೊದಲನೆಯದು, ಕೊನೆಯದು ಹೇಳಿದ ಹಾಗೇ ಇವೆ. ತರಲೆ ಮಾಡೋದು ನಡುವಿನ ಚೌಕ ಮಾತ್ರ, ಅಲ್ಲಿ ಎರಡು ಅಕ್ಷರ ಸೇರಿ ಒಂದೇ ಸದ್ದು. ಅದಕ್ಕೊಂದು ಕೆಂಪು ಸುತ್ತು ಹಾಕಿ. ನೆನಪಿಡಬೇಕಾದ್ದು ಅಷ್ಟೇ. ಬರೆಯುವಾಗಲೂ ಇದು ಕೈ ಹಿಡಿಯುತ್ತದೆ.

ನನ್ನನ್ನು ಕೇಳಿದರೆ ಹೊಸ ಪದಕ್ಕೆ ಎರಡನೆಯದೇ ಸರಿ. ಕಾರ್ಡು ಆಮೇಲೆ ನೆನಪು ಗಟ್ಟಿ ಮಾಡೋಕೆ ಇರಲಿ. ಮಗು ಆಕಳಿಸಿದರೆ ಎರಡನ್ನೂ ಎತ್ತಿಡಿ.