ಐದು ಸಾಮ್ರಾಜ್ಯಗಳೋ, ಮೂರು ಡೊಮೈನ್‌ಗಳೋ?

ಉಡುಪಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಜೀವಿಗಳ ವರ್ಗೀಕರಣದ ಫಲಕ ಸಿದ್ಧಪಡಿಸುವವರ ಮುಂದೆ ಎರಡು ದಾರಿಗಳಿವೆ. ಜೀವವಿಜ್ಞಾನಿ ವಿಟೇಕರ್ 1969ರಲ್ಲಿ ಮಂಡಿಸಿದ ಐದು ಸಾಮ್ರಾಜ್ಯಗಳ ಪದ್ಧತಿಯು ಜೀವಕೋಶದ ರಚನೆ, ದೇಹದ ಸಂಘಟನೆ ಮತ್ತು ಪೋಷಣೆಯ ವಿಧಾನವನ್ನು ನೋಡುವುದರಿಂದ, ಮಲ್ಪೆಯ ಬಂಗುಡೆ, ಮಟ್ಟುಗುಳ್ಳದ ಗಿಡ, ಮಳೆಗಾಲದ ಅಣಬೆ ಸುಲಭವಾಗಿ ತಮ್ಮ ತಮ್ಮ ಸ್ಥಾನ ಸೇರುತ್ತವೆ. ಆದರೆ ಇಡ್ಲಿ ಹಿಟ್ಟನ್ನು ಹುಳಿ ಬರಿಸುವ ಬ್ಯಾಕ್ಟೀರಿಯವನ್ನೂ, ಹಟ್ಟಿಯ ಪಕ್ಕದ ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಯನ್ನೂ, ಕೋಶಕೇಂದ್ರವಿಲ್ಲವೆಂಬ ಕಾರಣಕ್ಕೆ ಈ ಪದ್ಧತಿ ಮೊನೆರಾ ಎಂಬ ಒಂದೇ ಸಾಮ್ರಾಜ್ಯದಲ್ಲಿ ಕೂಡಿಹಾಕುತ್ತದೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ಸೂಕ್ಷ್ಮಜೀವಿ ವಿಜ್ಞಾನಿ ಕಾರ್ಲ್ ವೋಸ್ ಮತ್ತು ಸಂಗಡಿಗರು 1990ರಲ್ಲಿ ಮಂಡಿಸಿದ, ಸಾಮ್ರಾಜ್ಯಕ್ಕಿಂತಲೂ ದೊಡ್ಡ ಗುಂಪುಗಳಾದ ಮೂರು ಡೊಮೈನ್‌ಗಳಲ್ಲಿ ಈ ಮೀಥೇನ್ ಜೀವಿಗೆ ಆರ್ಕಿಯಾ ಎಂಬ ಪ್ರತ್ಯೇಕ ಸ್ಥಾನವಿದೆ. ವಂಶಸಂಬಂಧದಲ್ಲಿ ಅದು ಬ್ಯಾಕ್ಟೀರಿಯಕ್ಕಿಂತ ನಮಗೇ ಹತ್ತಿರವೆಂಬುದು ನಿಜಕ್ಕೂ ಬೆರಗಿನ ಸಂಗತಿ. ಕಣ್ಣಿಗೆ ಕಾಣುವ ಜೀವಿಗಳ ಪರಿಚಯಕ್ಕೆ ಮೊದಲನೆಯದು ಸಾಕು. ಸೂಕ್ಷ್ಮಜೀವಿಗಳೇ ಮುಖ್ಯ ವಿಷಯವಾದರೆ ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.