ಬ್ಯಾಡಗಿಯ ಲಾಟುಗಳನ್ನು ಹುಡುಕುವ ನಾಲ್ಕು ದಾರಿ: ಲೂಪ್, ಲಿಂಕ್ ಸರಪಳಿ, ರೆಪಾಸಿಟರಿ, ಸ್ವಂತ ಮೆಥಡ್

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಅಲ್ಲಿನ ಒಂದು ದಲಾಲಿ ಅಂಗಡಿಗಾಗಿ ನಾನು ಹಾವೇರಿಯ ಮನೆಯಲ್ಲಿ ಕುಳಿತು ಸಿ ಶಾರ್ಪ್ ಭಾಷೆಯಲ್ಲಿ ಬರೆದ ಲೆಕ್ಕದ ತಂತ್ರಾಂಶದಲ್ಲಿ ಎಲ್ಲವೂ ಲಾಟಿನ (ಒಟ್ಟಿಗೆ ಮಾರಾಟಕ್ಕಿಟ್ಟ ಒಂದು ರಾಶಿಯ) ಸುತ್ತಲೇ ತಿರುಗುತ್ತದೆ: ರೈತರ ಹೆಸರು, ಮೆಣಸಿನಕಾಯಿಯ ಬಗೆ ಕಡ್ಡಿಯೋ ಡಬ್ಬಿಯೋ ಎಂಬುದು, ಚೀಲ, ನಿವ್ವಳ ತೂಕ, ಕ್ವಿಂಟಲ್ ದರ, ಖರೀದಿದಾರರು, ಹಣ ಸಂದಾಯವಾದ ದಿನ. ಅಂಗಡಿಯ ಲೆಕ್ಕ ನೋಡುವ ದಿವಾನಜಿಯವರು ಕೇಳುವ ಪ್ರಶ್ನೆಗಳು ಕೆಲವೇ. ಯಾವ ಲಾಟುಗಳ ಹಣ ಬಾಕಿ ಇದೆ, ಇಂದು ಡಬ್ಬಿಯ ಸರಾಸರಿ ದರ ಎಷ್ಟು, ಯಾವ ಖರೀದಿದಾರರು ಎಷ್ಟು ಕ್ವಿಂಟಲ್ ತೆಗೆದುಕೊಂಡರು. ಇದೇ ಪ್ರಶ್ನೆಗಳನ್ನು ಕೋಡ್‌ನಲ್ಲಿ ಕೇಳಲು ನಾನು ನಾಲ್ಕು ದಾರಿಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದ್ದೇನೆ.

ಮೊದಲನೆಯದು ನೇರವಾದ ‘ಫಾರ್‌ಈಚ್’ ಲೂಪ್. ಖಾಲಿ ಪಟ್ಟಿ ಮಾಡು, ಲಾಟುಗಳನ್ನು ಒಂದೊಂದಾಗಿ ನೋಡು, ಷರತ್ತಿಗೆ ಹೊಂದಿದ್ದನ್ನು ಸೇರಿಸು. ಇದರಲ್ಲಿ ಗುಟ್ಟೇನೂ ಇಲ್ಲ, ಡಿಬಗ್ ಮಾಡಲು ಸುಲಭ. ಆದರೆ ಐದು ಸಾಲುಗಳನ್ನು ಓದಿ ಮುಗಿಸುವವರೆಗೆ ಆ ಲೂಪ್ ಏನನ್ನು ಹುಡುಕುತ್ತಿದೆ ಎಂಬುದು ತಿಳಿಯುವುದಿಲ್ಲ.

ಎರಡನೆಯದು ಲಿಂಕ್. ಇಲ್ಲಿ ಹೇಳುತ್ತಿರುವುದು ಜಾಲತಾಣದ ಕೊಂಡಿಯನ್ನಲ್ಲ. ಸಿ ಶಾರ್ಪ್ 3.0ರ ಜೊತೆಗೆ 2007ರಲ್ಲಿ ಬಂದ ಪ್ರಶ್ನಾ ಸೌಲಭ್ಯವನ್ನು. ಸೋಸುವ ‘ವೇರ್’, ಗುಂಪು ಮಾಡುವ ‘ಗ್ರೂಪ್‌ಬೈ’, ಬೇಕಾದ್ದನ್ನು ಆರಿಸುವ ‘ಸೆಲೆಕ್ಟ್’ಗಳನ್ನು ಚುಕ್ಕೆಯಿಟ್ಟು ಪೋಣಿಸಿದರೆ ಐದು ಸಾಲಿನ ಲೂಪ್ ಒಂದು ಸಾಲಿಗೆ ಇಳಿಯುತ್ತದೆ. ಈ ಸುಖವೇ ನನಗೆ ಮುಳುವಾಯಿತು. ‘ದರ ನಿಗದಿಯಾಗಿದೆ, ಹಣ ಸಂದಾಯವಾಗಿಲ್ಲ’ ಎಂಬ ಷರತ್ತನ್ನು ಬೇಕೆಂದಲ್ಲೆಲ್ಲ ಬರೆಯುತ್ತ ಹೋದೆ. ಟೆಂಡರ್‌ನಲ್ಲಿ ಬಂದ ದರವನ್ನು ರೈತರು ಒಪ್ಪದೆ ಲಾಟನ್ನು ಉಳಿಸಿಕೊಂಡರೆ ಅದು ಬಾಕಿಯಲ್ಲ ಎಂಬುದು ಹೊಳೆದಾಗ, ಅದೇ ಷರತ್ತು 11 ಕಡೆ ಕುಳಿತಿತ್ತು. ಒಂಬತ್ತನ್ನು ತಿದ್ದಿದೆ, ಎರಡು ಕಣ್ತಪ್ಪಿದವು. ಮಾರಾಟವೇ ಆಗದ ಲಾಟೊಂದು ಬಾಕಿ ವರದಿಯಲ್ಲಿ ವಾರಗಟ್ಟಲೆ ಉಳಿದುಬಿಟ್ಟಿತು.

ಮೂರನೆಯದು ರೆಪಾಸಿಟರಿ, ಅಂದರೆ ದತ್ತಾಂಶ ಹುಡುಕುವ ಕೋಡನ್ನೆಲ್ಲ ಒಂದೇ ಕ್ಲಾಸಿನಲ್ಲಿ ಇಡುವುದು. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಪ್ರತಿ ಪ್ರಶ್ನೆಗೂ ಒಂದು ಮೆಥಡ್ (ಹೆಸರಿಟ್ಟು ಕರೆಯಬಹುದಾದ ಕೋಡ್ ತುಣುಕು) ಬರೆದೆ. ಬಾಕಿ ಲಾಟು, ಬಾಕಿ ಡಬ್ಬಿ ಲಾಟು, ಈ ವಾರದ ಬಾಕಿ ಡಬ್ಬಿ ಲಾಟು ಎಂದು ಹೆಸರುಗಳು ಉದ್ದವಾಗುತ್ತ, ಸಂಖ್ಯೆ ಬೆಳೆಯುತ್ತ ಹೋದವು. ಒಂದನ್ನು ಇನ್ನೊಂದರ ಜೊತೆ ಜೋಡಿಸಲು ಆಗದಿರುವುದೇ ಅದರ ಮೂಲ ದೋಷ.

ಈಗ ನಾನು ನೆಚ್ಚಿಕೊಂಡಿರುವುದು ನಾಲ್ಕನೆಯದನ್ನು, ಅಂದರೆ ಎಕ್ಸ್‌ಟೆನ್ಶನ್ ಮೆಥಡ್‌ಗಳನ್ನು. ಸ್ಟ್ಯಾಟಿಕ್ ಕ್ಲಾಸಿನೊಳಗೆ ಸ್ಟ್ಯಾಟಿಕ್ ಮೆಥಡ್ ಬರೆದು, ಅದರ ಮೊದಲ ಪ್ಯಾರಾಮೀಟರ್‌ನ ಮುಂದೆ ‘ದಿಸ್’ ಎಂಬ ಪದವನ್ನಿಟ್ಟರೆ, ಆ ಮೆಥಡ್ ಸಂಗ್ರಹದ್ದೇ ಸ್ವಂತ ಮೆಥಡ್ ಎಂಬಂತೆ ಚುಕ್ಕೆಯ ನಂತರ ಕರೆಯಲು ಸಿಗುತ್ತದೆ. ‘ಲಾಟುಗಳು ಚುಕ್ಕೆ ಬಾಕಿ ಚುಕ್ಕೆ ಡಬ್ಬಿ’ ಎಂದು ಓದಿಕೊಂಡು ಹೋಗಬಹುದು, ಯಾವುದನ್ನು ಯಾವುದರ ಜೊತೆಗೂ ಜೋಡಿಸಬಹುದು, ನಿಯಮ ಬದಲಾದರೆ ಒಂದೇ ಕಡೆ ತಿದ್ದಬಹುದು. (ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದರೂ ಸಿ ಶಾರ್ಪ್ ಕಂಪೈಲರ್ ಒಪ್ಪುತ್ತದೆ. ಒಂದು ವಾರ ಹಾಗೆಯೇ ಬರೆದೆ. ಕೀಲಿಮಣೆಯನ್ನು ಗಳಿಗೆಗೊಮ್ಮೆ ಬದಲಿಸಿ ಬೇಸರವಾಗಿ ಬಿಟ್ಟೆ.)

ಈ ದಾರಿಯ ನಿಜವಾದ ಬೆಲೆ ನನಗೆ ತಿಳಿದದ್ದು ಸರಾಸರಿ ದರದ ಲೆಕ್ಕದಲ್ಲಿ. ಲಿಂಕ್‌ನ ‘ಆವರೇಜ್’ ದರಗಳನ್ನು ಕೂಡಿಸಿ ಲಾಟುಗಳ ಸಂಖ್ಯೆಯಿಂದ ಭಾಗಿಸುತ್ತದೆ. 40,000 ರೂಪಾಯಿ ದರದ 2 ಕ್ವಿಂಟಲ್ ಲಾಟು ಒಂದು, 30,000 ದರದ 20 ಕ್ವಿಂಟಲ್ ಲಾಟು ಒಂದು ಇದ್ದವೆಂದು ಭಾವಿಸಿದರೆ, ಅದು ಕೊಡುವ ಉತ್ತರ 35,000. ತೂಕವನ್ನು ಲೆಕ್ಕಕ್ಕೆ ಹಿಡಿದರೆ ಬರುವುದು ಸುಮಾರು 30,909. “ಇಷ್ಟ ದರ ಯಾರಿಗೆ ಸಿಕ್ಕೈತ್ರಿ?” ಎಂದು ದಿವಾನಜಿಯವರು ಕೇಳಿದ ಮೇಲೆ ‘ತೂಕದ ಸರಾಸರಿ’ ಎಂಬ ಮೆಥಡ್ ಬರೆದೆ. ಮೊದಲ ಪ್ರಯತ್ನದಲ್ಲಿ ‘ಸಮ್’ ಅನ್ನು ಎರಡು ಸಲ, ಹಣಕ್ಕೊಮ್ಮೆ ತೂಕಕ್ಕೊಮ್ಮೆ, ಕರೆದಿದ್ದೆ. ಲಿಂಕ್ ಪ್ರಶ್ನೆಗಳು ಫಲಿತಾಂಶ ಕೇಳಿದಾಗ ಮಾತ್ರ ನಡೆಯುವಂಥವು. ಎರಡು ಸಲ ಕೇಳಿದರೆ ಹುಡುಕಾಟವೂ ಎರಡು ಸಲ ನಡೆಯುತ್ತದೆ. ಹಾಗಾಗಿ ಮೆಥಡ್‌ನ ಒಳಗೆ ಎರಡೂ ಮೊತ್ತಗಳನ್ನು ಒಂದೇ ಸುತ್ತಿನಲ್ಲಿ ಕೂಡಿಸುವ ‘ಫಾರ್‌ಈಚ್’ ಬರೆದೆ. ಮುಂಬಾಗಿಲಿನಿಂದ ಕಳಿಸಿದ ಲೂಪ್ ಹಿತ್ತಲಿನಿಂದ ಒಳಗೆ ಬಂದಂತಾಯಿತು, ಆದರೆ ಈಗ ಅದು ಇರಬೇಕಾದ ಜಾಗದಲ್ಲೇ ಇದೆ. ಲಾಟೇ ಬಾರದ ದಿನ ‘ಆವರೇಜ್’ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ದೋಷ ತೋರಿಸಿ ನಿಲ್ಲುತ್ತದೆ. ನನ್ನ ಮೆಥಡ್ ನಲ್ (‘ಬೆಲೆ ಇಲ್ಲ’ ಎಂಬ ಗುರುತು) ಕೊಡುತ್ತದೆ, ವರದಿಯಲ್ಲಿ ಒಂದು ಅಡ್ಡಗೆರೆ ಕಾಣುತ್ತದೆ.

ಸ್ವಂತ ಮೆಥಡ್‌ಗಳಲ್ಲೂ ಎರಡು ಬಗೆಯಿವೆ, ಇವುಗಳ ಹೋಲಿಕೆಯೇ ಹೆಚ್ಚು ಮುಖ್ಯ. ಮೆಥಡ್ ಸ್ವೀಕರಿಸುವುದು ‘ಐಎನ್ಯೂಮರಬಲ್’ (ಒಂದೊಂದಾಗಿ ನೋಡಬಹುದಾದ ಸಂಗ್ರಹ) ಆಗಿದ್ದರೆ ಶೋಧ ಮೆಮರಿಯಲ್ಲಿ ನಡೆಯುತ್ತದೆ. ‘ಐಕ್ವೆರಿಯಬಲ್’ (ಡೇಟಾಬೇಸಿಗೆ ಕಳಿಸಬಹುದಾದ ಪ್ರಶ್ನೆ) ಆಗಿದ್ದು ಷರತ್ತು ಎಕ್ಸ್‌ಪ್ರೆಶನ್ ರೂಪದಲ್ಲಿದ್ದರೆ, ಅಂದರೆ ಬೇರೆ ಭಾಷೆಗೆ ಅನುವಾದಿಸಬಲ್ಲ ರೂಪದಲ್ಲಿದ್ದರೆ, ಸಿ ಶಾರ್ಪ್ ಮತ್ತು ಡೇಟಾಬೇಸಿನ ನಡುವಿನ ಕೊಂಡಿಯಾದ ಎಂಟಿಟಿ ಫ್ರೇಮ್‌ವರ್ಕ್ ಅದನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ಗೆ ಪರಿವರ್ತಿಸಿ ಡೇಟಾಬೇಸಿಗೇ ಕಳಿಸುತ್ತದೆ. ನನ್ನ ‘ಬಾಕಿ’ ಮೊದಲು ಇದ್ದದ್ದು ಐಎನ್ಯೂಮರಬಲ್ ರೂಪದಲ್ಲಿ. ಡೇಟಾಬೇಸಿನ ಪ್ರಶ್ನೆಯ ಮೇಲೆ ಅದನ್ನು ಕರೆದಾಗ ಕಂಪೈಲರ್ ಚಕಾರವೆತ್ತಲಿಲ್ಲ, ಉತ್ತರವೂ ಸರಿಯಾಗಿಯೇ ಬಂತು. ಮೂರು ಹಂಗಾಮುಗಳ ಲಾಟುಗಳು ಸೇರಿ ಪರದೆ ತೆರೆಯಲು ತಡವಾಗತೊಡಗಿದಾಗ ಲಾಗ್ ತೆಗೆದು ನೋಡಿದರೆ, ಎಸ್‌ಕ್ಯೂಎಲ್‌ನಲ್ಲಿ ‘ವೇರ್’ ಎಂಬುದೇ ಇರಲಿಲ್ಲ. ಇಡೀ ಟೇಬಲ್ ಮೆಮರಿಗೆ ಬಂದು ಅಲ್ಲಿ ಸೋಸಲ್ಪಡುತ್ತಿತ್ತು. ಐಕ್ವೆರಿಯಬಲ್‌ಗೆ ಬದಲಿಸಿದ ಮೇಲೆ ಬೇಕಾದ ಸಾಲುಗಳಷ್ಟೇ ಬಂದವು. ಆದರೆ ಅಲ್ಲಿ ಷರತ್ತಿನೊಳಗೆ ನನ್ನದೇ ಬೇರೊಂದು ಸಿ ಶಾರ್ಪ್ ಮೆಥಡ್ ಕರೆಯುವಂತಿಲ್ಲ. ಎಂಟಿಟಿ ಫ್ರೇಮ್‌ವರ್ಕ್ ಕೋರ್ 3.0ರಿಂದ, ಅಂದರೆ 2019ರಿಂದ, ಅನುವಾದಿಸಲಾಗದ ಷರತ್ತಿಗೆ ಎಕ್ಸೆಪ್ಶನ್ ಬರುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳು ಸದ್ದಿಲ್ಲದೆ ಮೆಮರಿಯಲ್ಲೇ ಕೆಲಸ ಮುಗಿಸುತ್ತಿದ್ದವು. ನನಗೆ ಎಕ್ಸೆಪ್ಶನ್ನೇ ವಾಸಿ ಎನಿಸುತ್ತದೆ.

ಯಾವುದಕ್ಕೆ ಮೆಥಡ್ ಬರೆಯಬಾರದು ಎಂಬುದನ್ನೂ ಪೆಟ್ಟು ತಿಂದೇ ಕಲಿತೆ. ಬೆರಳಿನ ಶ್ರಮ ಉಳಿಸಲೆಂದು ಪುನರಾವರ್ತನೆ ತೆಗೆಯುವ ‘ಡಿಸ್ಟಿಂಕ್ಟ್‌ಬೈ’, ಅತಿ ದೊಡ್ಡದನ್ನು ಆರಿಸುವ ‘ಮ್ಯಾಕ್ಸ್‌ಬೈ’ಗಳನ್ನು ಸ್ವಂತವಾಗಿ ಬರೆದಿದ್ದೆ. ಸಿ ಶಾರ್ಪ್ ಕಾರ್ಯಕ್ರಮಗಳು ನಡೆಯುವ ವೇದಿಕೆಯಾದ ಡಾಟ್‌ನೆಟ್‌ನ 2021ರ ನವೆಂಬರ್‌ನಲ್ಲಿ ಬಂದ 6ನೇ ಆವೃತ್ತಿಯಲ್ಲಿ ಅದೇ ಹೆಸರಿನವು ಭಾಷೆಯ ಗ್ರಂಥಾಲಯಕ್ಕೇ ಸೇರಿದವು, ನಾನು ಆ ಆವೃತ್ತಿಗೆ ಹೋದ ದಿನ ಯಾವುದನ್ನು ಕರೆಯಬೇಕೆಂದು ತಿಳಿಯದೆ ಕಂಪೈಲರ್ ದೋಷಗಳ ಸಾಲನ್ನೇ ಮುಂದಿಟ್ಟಿತು. ಅವನ್ನು ಅಳಿಸಿದೆ. ದಿವಾನಜಿಯವರ ಬಾಯಲ್ಲಿ ಬರುವ ಮಾತಿಗೆ ಮಾತ್ರ ಮೆಥಡ್ ಎಂದು ನಿಯಮ ಮಾಡಿಕೊಂಡ ಮೇಲೆ ಉಳಿದವು ಆರು. ಒಂದೇ ಕಡೆ ಬೇಕಾಗುವ ಷರತ್ತುಗಳು ಸಾದಾ ಲಿಂಕ್ ಸರಪಳಿಯಾಗಿಯೇ ಇವೆ.

ಪರೀಕ್ಷೆಯ ವಿಷಯದಲ್ಲಿ ಐಎನ್ಯೂಮರಬಲ್ ಈಗಲೂ ಮುಂದು. ನಾಲ್ಕು ಲಾಟುಗಳ ಪಟ್ಟಿ ಕೊಟ್ಟರೆ ಸಾಕು. ಐಕ್ವೆರಿಯಬಲ್ ಮೆಥಡ್‌ಗೂ ಪಟ್ಟಿಯನ್ನೇ ವೇಷ ಹಾಕಿಸಿ ಕೊಡಬಹುದಾದರೂ ಅದನ್ನು ನಂಬುವಂತಿಲ್ಲ: ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಲ್ಲಿ ಬರೆದ ‘ಡಬ್ಬಿ’ಗಳು ಸಿ ಶಾರ್ಪ್‌ಗೆ ಬೇರೆ ಬೇರೆ, ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ಹೊಂದಿಕೆಯಲ್ಲಿ ಒಂದೇ. ನನ್ನ ಪರೀಕ್ಷೆ ಎರಡು ಲಾಟು ಎಂದಾಗ ಅಂಗಡಿಯ ಪರದೆ ಮೂರು ತೋರಿಸಿತ್ತು. ಅಂದಿನಿಂದ ಕಡ್ಡಿ, ಡಬ್ಬಿಗಳನ್ನು ಹೆಸರಿನ ಬದಲು ಸಂಖ್ಯೆಯಾಗಿ ಇಡುತ್ತಿದ್ದೇನೆ, ‘ಬಾಕಿ’ಯ ಪರೀಕ್ಷೆಯನ್ನು ನಿಜವಾದ ಡೇಟಾಬೇಸಿನ ಮೇಲೆಯೇ ನಡೆಸುತ್ತಿದ್ದೇನೆ.