ಇಡೀ ಪೆಪ್ಟೈಡಾ, ತುಂಡು ಪೆಪ್ಟೈಡಾ? ಮೂರು ಮಳೆಗಾಲ ಬಳಸಿದ ಮೇಲೆ

ಶಿವಮೊಗ್ಗದ ನಮ್ಮ ಸಣ್ಣ ಲ್ಯಾಬ್‌ನಲ್ಲಿ ಗಾಯ ಮಾಯುವ ಬಗ್ಗೆ ಕೆಲಸ ಮಾಡುತ್ತೇವೆ. ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ಮೇಲೆ ಪಿಪೆಟ್ ತುದಿಯಿಂದ ಒಂದು ಗೀರು ಎಳೆಯುತ್ತೇವೆ. ಅದು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಫೋಟೊ ತೆಗೆಯುತ್ತಾ ಕೂರುತ್ತೇವೆ. ಇದಕ್ಕಾಗಿ ಮೂರು ವರ್ಷದಿಂದ ಎರಡು ಪುಡಿ ತರಿಸುತ್ತಿದ್ದೇನೆ. ಒಂದು ಥೈಮೋಸಿನ್ ಬೀಟಾ-4, ನಮ್ಮ ದೇಹವೇ ಮಾಡಿಕೊಳ್ಳುವ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸರಪಳಿ; ಇದರಲ್ಲಿ 43 ಇವೆ. ಇನ್ನೊಂದು ಅದೇ ಸರಪಳಿಯ 17ರಿಂದ 23ರವರೆಗಿನ ಏಳರ ತುಂಡು. ಇದನ್ನು ಟಿಬಿ-500 ಎನ್ನುತ್ತಾರೆ.

ಹೆಸರನ್ನು ನಂಬಬೇಡಿ. ನನ್ನ ಮೊದಲ ಪೊಟ್ಟಣದ ಮೇಲೆ ಟಿಬಿ-500 ಎಂದೇ ಇತ್ತು. ಜೊತೆಗೆ ಬಂದ ಹಾಳೆಯಲ್ಲಿ ಅಣುತೂಕ ಸುಮಾರು 4963 ಎಂದಿತ್ತು. ಅಂದರೆ ಒಳಗಿದ್ದದ್ದು ಇಡೀ ಪೆಪ್ಟೈಡ್! ತುಂಡಿನದು 889 ಇರಬೇಕು. ಎರಡು ತಿಂಗಳ ಕೆಲಸ ಮುಗಿಸಿದ ಮೇಲೆ ಇದು ಕಣ್ಣಿಗೆ ಬಿತ್ತು, ಅತ್ತೇ ಬಿಟ್ಟೆ. ಈಗ ಅಣುತೂಕ ಅಳೆದು ಕೊಡುವ ಮಾಸ್ ಸ್ಪೆಕ್ ವರದಿ ನೋಡದೆ ಮುಚ್ಚಳ ತೆಗೆಯುವುದಿಲ್ಲ.

ಎರಡನೇ ತಪ್ಪು ನನ್ನದೇ. ಎರಡನ್ನೂ ಒಂದೇ ಮೈಕ್ರೋಗ್ರಾಂ ಲೆಕ್ಕದಲ್ಲಿ ಹಾಕುತ್ತಿದ್ದೆ. ಹಾಗೆ ಹಾಕಿದರೆ ತುಂಡಿನ ಅಣುಗಳು ಐದೂವರೆ ಪಟ್ಟು ಜಾಸ್ತಿ ಬೀಳುತ್ತವೆ. ಅದು ಹೋಲಿಕೆಯೇ ಅಲ್ಲ, ಅಲ್ವಾ? ತೂಕದ ಬದಲು ಅಣುಗಳನ್ನು ಎಣಿಸುವ ಮೋಲಾರ್ ಲೆಕ್ಕವೇ ಸರಿ. ತೂಕದಲ್ಲೂ ಮೋಸ ಹೋಗಬಹುದು. ತುಂಡಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಎರಡಿವೆ. ಎರಡಕ್ಕೂ ಟಿಎಫ್‌ಎ (ಪೆಪ್ಟೈಡ್ ತಯಾರಿಸುವಾಗ ಬಳಸುವ ಆಮ್ಲ) ಅಂಟಿಕೊಂಡು ಬಂದರೆ ಪುಡಿಯ ತೂಕದಲ್ಲಿ ಐದನೇ ಒಂದು ಪಾಲು ಬರೀ ಟಿಎಫ್‌ಎ. ಅದು ಜೀವಕೋಶಗಳಿಗೂ ಒಳ್ಳೆಯದಲ್ಲ. ಟಿಎಫ್‌ಎ ಬದಲು ಅಸಿಟೇಟ್ ಇರುವ ರೂಪದ್ದನ್ನೇ ಕೇಳಿ ತರಿಸಿ. ಇನ್ನೊಂದು ಮಾತು: ದ್ರಾವಣದಲ್ಲಿ ಪೆಪ್ಟೈಡ್ ಎಷ್ಟಿದೆ ಎಂದು 280 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಲು ಹೋಗಬೇಡಿ. ಆ ಬೆಳಕನ್ನು ಹೀರುವ ಅಮೈನೋ ಆಮ್ಲಗಳಾದ ಟ್ರಿಪ್ಟೊಫಾನ್, ಟೈರೋಸಿನ್ ಎರಡು ಪುಡಿಗಳಲ್ಲೂ ಇಲ್ಲ. ಮೀಟರ್ ಸುಮ್ನೆ ಸೊನ್ನೆಯ ಹತ್ತಿರ ನಿಲ್ಲುತ್ತದೆ.

ಮಲೆನಾಡಿನ ಮಳೆಗಾಲ ಈ ಪುಡಿಗಳಿಗೆ ಶತ್ರು. ಜುಲೈನಲ್ಲಿ ಫ್ರೀಜರಿನಿಂದ ತೆಗೆದ ತಕ್ಷಣ ಸೀಸೆ ಬಿಚ್ಚಿದರೆ ಗಾಳಿಯ ತೇವ ಒಳಗೆ ಇಳಿದು ಪುಡಿ ಅಂಟಂಟಾಗುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು, ಸೀಸೆಯ ತಂಪು ಪೂರ್ತಿ ಹೋದ ಮೇಲೆ ಬಿಚ್ಚುತ್ತೇನೆ. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಕರಗಿಸಿದ್ದನ್ನು ಸಣ್ಣ ಸಣ್ಣ ಪಾಲು ಮಾಡಿಡುವುದು ಬಹಳ ಮುಖ್ಯ. ಕೆಡದೆ ಉಳಿಯುವ ವಿಷಯದಲ್ಲಿ ತುಂಡೇ ಗಟ್ಟಿ. ಇಡೀ ಪೆಪ್ಟೈಡ್‌ನ ಆರನೇ ಜಾಗದಲ್ಲಿ, ತುಂಡಿನಲ್ಲಿ ಇಲ್ಲದ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇದೆ. ಅದು ಆಮ್ಲಜನಕ ಹಿಡಿದುಕೊಂಡರೆ ಅಣುತೂಕ 16 ಏರುತ್ತದೆ. ಒಂದು ವರ್ಷ ಹಾಗೇ ಆಯಿತು, ಇಡೀ ಸೀಸೆ ದಂಡ.

ಕೆಲಸದಲ್ಲಿ ಹೇಗೆ? ನಮ್ಮ ಗೀರುಗಳಲ್ಲಿ ಇಡೀ ಪೆಪ್ಟೈಡ್ ಪ್ರತಿ ಸಲವೂ ಒಂದೇ ರೀತಿ ನಡೆದುಕೊಂಡಿದೆ. ತುಂಡು ಕೆಲವು ಸಲ ಅದರ ಸಮಕ್ಕೆ ಬಂತು, ಕೆಲವು ಸಲ ಬರೀ ನೀರು ಹಾಕಿದ ತಟ್ಟೆಯಂತೆಯೇ ಇತ್ತು. ತುಂಡಿನಲ್ಲಿ ಸತ್ವವಿಲ್ಲ ಎಂದು ನಾನು ಹೇಳುವುದಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಇಲಿಗಳಲ್ಲೂ ಮುದಿ ಇಲಿಗಳಲ್ಲೂ ಈ ಏಳರ ತುಂಡು ಇದ್ದ ಪೆಪ್ಟೈಡ್ ಗಾಯ ಮಾಯಲು ನೆರವಾಗಿತ್ತು. ಆದರೆ ಆಕ್ಟಿನ್ (ಜೀವಕೋಶಕ್ಕೆ ಆಕಾರ, ಚಲನೆ ಕೊಡುವ ಪ್ರೋಟೀನ್) ಹಿಡಿಯುವ ಮಾತು ಬೇರೆ. ನಮ್ಮ ತೋಟದ ಕೊನೆಗಾರ ಅಡಿಕೆ ಮರವನ್ನು ಕೈ ಕಾಲು ಎರಡರಿಂದಲೂ ತಬ್ಬಿ ಹಿಡಿಯುತ್ತಾನೆ. ಇಡೀ ಪೆಪ್ಟೈಡ್ ಹಾಗೆಯೇ, ಎರಡೂ ತುದಿಯಿಂದ ಆಕ್ಟಿನ್ ಅನ್ನು ಹಿಡಿಯುತ್ತದೆ. ತುಂಡಿಗೆ ಆ ಕೈಕಾಲುಗಳಿಲ್ಲ. ಮೊದಲ ನಾಲ್ಕು ಅಮೈನೋ ಆಮ್ಲಗಳು ಬೇರೆಯಾದರೆ ಉರಿಯೂತ ತಗ್ಗಿಸುವ ಇನ್ನೊಂದು ಪೆಪ್ಟೈಡ್ ಆಗುತ್ತದೆ. ಅದೂ ತುಂಡಿನಲ್ಲಿಲ್ಲ. ಹಾಗಾಗಿ ತುಂಡನ್ನು ಅಗ್ಗದ ಬದಲಿ ಎಂದು ಕೊಳ್ಳಬೇಡಿ. ಅದು ಕೇಳುವ ಪ್ರಶ್ನೆಯೇ ಬೇರೆ.

ಕಬಡ್ಡಿ ಆಡುವ ನನ್ನ ಚಿಕ್ಕಮ್ಮನ ಮಗ ಮೊಣಕಾಲು ನೋವೆಂದು ಬಂದು, "ಅಕ್ಕಾ, ನಿಮ್ಮ ಲ್ಯಾಬಿನದ್ದು ಒಂದು ಸೀಸೆ ಕೊಡೇ" ಎಂದ. "ಇದು ತಟ್ಟೆಯ ಜೀವಕೋಶಕ್ಕೆ ಕಣೋ, ನಿನ್ನ ಕಾಲಿಗಲ್ಲ" ಎಂದೆ. ಸೀಸೆಯ ಮೇಲೂ ಸಂಶೋಧನೆಗೆ ಮಾತ್ರ ಎಂದೇ ಬರೆದಿದೆ. ಕ್ರೀಡಾಪಟುಗಳಿಗಂತೂ ಇವೆರಡೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧ ಪಟ್ಟಿಯಲ್ಲಿವೆ. ಅವನು ಮುನಿಸಿಕೊಂಡು ಹೋದ, ಆದರೂ ಕೊಡಲಿಲ್ಲ.

ಮುಂದಿನ ಆರ್ಡರ್‌ನಲ್ಲಿ ಎರಡನ್ನೂ ತರಿಸುತ್ತೇನೆ, ಜೊತೆಗೆ ಅದೇ ಏಳು ಅಮೈನೋ ಆಮ್ಲಗಳನ್ನು ಕಲಸುಮೇಲೋಗರ ಮಾಡಿ ಜೋಡಿಸಿದ ಮೂರನೆಯದನ್ನೂ. ಪರಿಣಾಮ ಆ ಏಳರ ಜೋಡಣೆಯಿಂದಲೇ ಬಂತೇ ಎಂದು ತಿಳಿಯಲು ಅದು ಬೇಕು; ಇಷ್ಟು ದಿನ ಅದಿಲ್ಲದೆ ಹೋಲಿಸಿದ್ದೇ ತಪ್ಪಾಯಿತು. ಮೇ ತಿಂಗಳೊಳಗೆ, ಮಳೆ ಹಿಡಿಯುವ ಮೊದಲೇ ಬರಬೇಕು.